ದೊಡ್ಡ ಡೋಲಿಗೆ ದುಬಾರಿ ಮೈಕೇ ಬೇಕೆ?

ಕೊಯಮತ್ತೂರಿನಿಂದ ಅವಿನಾಶಿಯತ್ತ ಸಾಗುವ ಹೆದ್ದಾರಿಯ ಮೇಲಿರುವ ಕರುಮತ್ತಂಪಟ್ಟಿಯು ಪಕ್ಕದ ಸೋಮನೂರಿನೊಡನೆ ವಿದ್ಯುತ್ ಮಗ್ಗಗಳ ಸದ್ದಿಗೆ ಹೆಸರಾದ ಊರು. ಕೊಂಗುನಾಡಿನ ಈ ಸೀಮೆಯಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ದೇವಾಂಗ ನೇಕಾರ ಕುಟುಂಬಗಳೂ ಒಕ್ಕಲಿಗ ಕುಟುಂಬಗಳೂ ತಲೆಮಾರುಗಳಿಂದ ನೆಲೆಸಿವೆ. ಚೌಡೇಶ್ವರಿ ದೇವಿಯ ಅಲಗು ಸೇವೆಯಿರಲಿ, ಜಪಮಾಲೆ ಮಾತೆಯ ಚರ್ಚಿನ ಹಬ್ಬವಿರಲಿ, ಮದುವೆಯ ವಾದ್ಯಗೋಷ್ಠಿಯಿರಲಿ, ಇಲ್ಲಿಯ ಯಾವ ಸಂಭ್ರಮವೂ ದೊಡ್ಡ ಡೋಲಿನ ಪೆಟ್ಟಿಲ್ಲದೆ ಪೂರ್ಣವಾಗುವುದಿಲ್ಲ. ಲ್ಯಾಪ್‌ಟಾಪು, ಒಂದು ಸಣ್ಣ ಧ್ವನಿ ಸಂಪರ್ಕ ಪೆಟ್ಟಿಗೆ ಮತ್ತು ಎರಡು ಮೈಕುಗಳಿದ್ದರೆ ಹಿತ್ತಿಲ ಕೋಣೆಯೇ ಧ್ವನಿಮುದ್ರಣಾಲಯವಾಗುವ ಈ ಕಾಲದಲ್ಲಿ, ಅಂಥ ಪ್ರತಿ ಕೋಣೆಯಲ್ಲೂ ಒಂದು ಪ್ರಶ್ನೆ ಏಳುತ್ತದೆ: ಡೋಲಿನ ಮುಂದೆ ಇಡಬೇಕಾದದ್ದು ಮೂರು ಸಾವಿರದ ಮೈಕೋ, ಇಪ್ಪತ್ತು ಸಾವಿರದ ಮೈಕೋ?

ಪಾಶ್ಚಾತ್ಯ ಡ್ರಮ್ ಸೆಟ್ಟಿನಲ್ಲಿ ನೆಲದ ಮೇಲೆ ಅಡ್ಡಲಾಗಿ ಮಲಗಿಸಿ, ಕಾಲಿನ ಪೆಡಲಿನಿಂದ ಬಾರಿಸುವ ದೊಡ್ಡ ಡೋಲಿಗೆ ಕಿಕ್ ಡ್ರಮ್ ಎಂದು ಹೆಸರು. ಹಾಡಿನ ನಡೆ ನಿಂತಿರುವುದು ಅದರ ಮೇಲೆ. ಆದಕಾರಣ ಅದಕ್ಕೆಂದೇ ತಯಾರಾದ ಮೈಕುಗಳ ಮಾರುಕಟ್ಟೆಯೂ ದೊಡ್ಡದು, ಬೆಲೆಯ ಅಂತರವೂ ದೊಡ್ಡದು. ಧ್ವನಿಮುದ್ರಣದ ಬಹುಪಾಲು ಕೆಲಸಗಳಲ್ಲಿ ಅಗ್ಗದ ಮೈಕಿನ ಕೊರತೆ ಬೇಗನೆ ಬಯಲಾಗುತ್ತದೆ. ಕಿಕ್ ಡ್ರಮ್ ಮಾತ್ರ ಆ ಕೊರತೆಯನ್ನು ಅತ್ಯಂತ ಹೆಚ್ಚು ಮನ್ನಿಸುವ ವಾದ್ಯ. ಈ ಮಾತಿನ ಆಧಾರವನ್ನು ಅರಿತರೆ, ಅಲ್ಪ ಹಣದ ಯುವಕ ತಂಡಗಳು ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಕೈ ಬಿಗಿಹಿಡಿಯಬೇಕು ಎಂಬುದನ್ನು ತಾವೇ ನಿರ್ಧರಿಸಬಹುದು.

ನಾದದ ಮೂರು ಪಾಲು

22 ಅಂಗುಲ ವ್ಯಾಸದ ಸಾಮಾನ್ಯ ಕಿಕ್ ಡ್ರಮ್ಮಿನ ನಾದವನ್ನು ಮೂರು ಪಾಲಾಗಿ ವಿಂಗಡಿಸಬಹುದು. ಎದೆಗೆ ತಾಗುವ ಗುಂಭ ನಾದವು ಸುಮಾರು 50ರಿಂದ 80 ಹರ್ಟ್ಸ್ ಆವರ್ತನದಲ್ಲಿರುತ್ತದೆ. 250ರಿಂದ 500 ಹರ್ಟ್ಸ್ ನಡುವೆ ರಟ್ಟಿನ ಪೆಟ್ಟಿಗೆ ಬಡಿದಂಥ ಮಂಕು ದನಿ ಇರುತ್ತದೆ. ಇದನ್ನು ಹೆಚ್ಚಿನವರು ತಗ್ಗಿಸಬಯಸುತ್ತಾರೆ. 2,500ರಿಂದ 5,000 ಹರ್ಟ್ಸ್ ನಡುವೆ, ಬಡಿಗೆ ಚರ್ಮಕ್ಕೆ ತಾಗುವ ಕ್ಷಣದ ‘ಟಕ್’ ಸದ್ದು ಇರುತ್ತದೆ. ಕಿಕ್ ಡ್ರಮ್ಮಿಗೆಂದೇ ಮಾಡಿದ ಮೈಕುಗಳ ರಹಸ್ಯವೆಲ್ಲ ಇಷ್ಟರಲ್ಲೇ ಅಡಗಿದೆ: ಅವು ಮೊದಲ ಮತ್ತು ಮೂರನೆಯ ಪಾಲನ್ನು ಹಿಗ್ಗಿಸಿ, ನಡುವಿನ ಪಾಲನ್ನು ಕುಗ್ಗಿಸುತ್ತವೆ. ಅರ್ಥಾತ್, ಅವು ಕೇಳಿದ್ದನ್ನು ಕೇಳಿದಂತೆ ಹೇಳುವ ಸಾಕ್ಷಿಗಳಲ್ಲ. ಕಕ್ಷಿದಾರನಿಗೆ ಬೇಕಾದದ್ದನ್ನು ಎತ್ತಿ ಹೇಳುವ ವಕೀಲರು.

ಹಾಡುವ ಮೈಕು ಇದಕ್ಕೆ ತದ್ವಿರುದ್ಧ. 1966ರಿಂದ ಜಗತ್ತಿನ ವೇದಿಕೆಗಳಲ್ಲಿ ಕಾಣುವ ಶೂರ್ ಸಂಸ್ಥೆಯ ಎಸ್‌ಎಂ 58 ಮೈಕು 50 ಹರ್ಟ್ಸ್‌ನಿಂದ 15,000 ಹರ್ಟ್ಸ್‌ವರೆಗೆ ಕೇಳುತ್ತದೆಯಾದರೂ ತಳನಾದವನ್ನು ಬೇಕೆಂದೇ ತಗ್ಗಿಸುತ್ತದೆ. ತುಟಿಗೆ ಹತ್ತಿರ ಹಿಡಿದಾಗ ಧ್ವನಿ ಗುಂಯ್‌ಗುಡದಿರಲಿ ಎಂಬುದೇ ಅದರ ಉದ್ದೇಶ. ಒಂದೇ ದಿಕ್ಕಿಗೆ ಕಿವಿಗೊಡುವ ಹೆಚ್ಚಿನ ಮೈಕುಗಳನ್ನು ನಾದದ ಮೂಲಕ್ಕೆ ಸಮೀಪಿಸಿದಷ್ಟೂ ತಳನಾದ ಹೆಚ್ಚುತ್ತದೆ. ಇದಕ್ಕೆ ಸಾಮೀಪ್ಯ ಪರಿಣಾಮವೆಂದು ಹೆಸರು. ಊರಿನ ಧ್ವನಿವರ್ಧಕದವರ ಬಳಿ ಸಿಗುವ ಸಾಮಾನ್ಯ ಹಾಡುವ ಮೈಕಿನಲ್ಲೂ, ಡೋಲಿನ ಹತ್ತಿರಕ್ಕೆ ಒಯ್ದರೆ, ಒಪ್ಪುವಂಥ ಕಿಕ್ ನಾದ ದೊರೆಯಲು ಇದೇ ಕಾರಣ.

ಬೆಲೆಯ ಮೆಟ್ಟಿಲುಗಳು

ತಳದ ಮೆಟ್ಟಿಲಿನಲ್ಲಿ ಕೆಲವೇ ಸಾವಿರ ರೂಪಾಯಿಯ ಕಿಕ್ ಮೈಕುಗಳಿವೆ. ಡ್ರಮ್ ಸೆಟ್ಟಿಗೆ ಬೇಕಾದ ಐದಾರು ಅಥವಾ ಏಳು ಮೈಕುಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು ಮಾರುವ ಕಟ್ಟುಗಳೂ ಇಲ್ಲಿಯೇ ಬರುತ್ತವೆ. ನಡುವಿನ ಮೆಟ್ಟಿಲಿನಲ್ಲಿ ವೃತ್ತಿಪರರ ನಿತ್ಯದ ಆಯುಧಗಳಿವೆ: 1980ರ ದಶಕದಲ್ಲಿ ಬಂದ, ಮೊಟ್ಟೆಯಾಕಾರದ ಎಕೆಜಿ ಡಿ 112, ಶೂರ್ ಬೀಟಾ 52ಎ, ಸೆನ್‌ಹೈಸರ್ ಇ 902, ಆಡಿಕ್ಸ್ ಡಿ 6. ಇವುಗಳ ಬೆಲೆ ಭಾರತದಲ್ಲಿ ಸಾಮಾನ್ಯವಾಗಿ ಹತ್ತು ಸಾವಿರವನ್ನು ದಾಟಿ ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ ಸುಳಿದಾಡುತ್ತದೆ. ಅದಕ್ಕೂ ಮೇಲೆ, ಆಕಾಶವಾಣಿ ನಿರೂಪಕರಿಗೂ ಡೋಲಿಗೂ ಸಮಾನವಾಗಿ ಒಗ್ಗುವ, 1968ರ ಎಲೆಕ್ಟ್ರೋವಾಯ್ಸ್ ಆರ್‌ಇ 20 ಇದೆ. ತುದಿಯಲ್ಲಿ ಜರ್ಮನಿಯ ನಾಯ್‌ಮನ್ ಸಂಸ್ಥೆಯ ಯು 47 ಫೆಟ್ ಕುಳಿತಿದೆ. 1970ರ ದಶಕದ ಈ ಕಂಡೆನ್ಸರ್ ಮೈಕನ್ನು ಸಂಸ್ಥೆ 2014ರಲ್ಲಿ ಮತ್ತೆ ಹೊರತಂದಿತು. ಅದರ ಬೆಲೆಯನ್ನು ಲಕ್ಷಗಳಲ್ಲಿ ಎಣಿಸಬೇಕು.

ಆರ್‌ಇ 20 ಮತ್ತು ಯು 47 ಫೆಟ್ ಕಿಕ್ ಡ್ರಮ್ಮಿಗೆಂದೇ ಮಾಡಿದವುಗಳಲ್ಲ. ಅವು ನಾದವನ್ನು ಹೆಚ್ಚು ಸಮತೋಲದಿಂದ ಹಿಡಿಯುತ್ತವೆ. ಒಳ್ಳೆಯ ಕೋಣೆಯಲ್ಲಿ, ಚೆನ್ನಾಗಿ ಶ್ರುತಿ ಮಾಡಿದ ಡೋಲಿನೆದುರು ಇಟ್ಟಾಗ ಅವುಗಳ ದೊಡ್ಡಸ್ತಿಕೆ ಗೊತ್ತಾಗುತ್ತದೆ. ಕೋಣೆಯೂ ಡೋಲೂ ಕೆಟ್ಟಿದ್ದರೆ ಅವು ಆ ಕೆಡುಕನ್ನೂ ಅಷ್ಟೇ ಸ್ಪಷ್ಟವಾಗಿ ಹಿಡಿದು ತೋರಿಸುತ್ತವೆ.

ಅಗ್ಗದ್ದು ಸೋಲದ ಕಡೆ, ಸೋಲುವ ಕಡೆ

ಅಗ್ಗದ ಮೈಕುಗಳ ಮೊದಲ ದೋಷ ಅವುಗಳ ಒಳಗಿನ ‘ಹಿಸ್’ ಸದ್ದು. ಮೆಲುದನಿಯ ತಾಯಿಯೊಬ್ಬಳು ಜೋಗುಳ ಹಾಡುವಾಗ ಈ ಸದ್ದು ಹಾಡಿಗಿಂತ ಮುಂದೆ ಬಂದು ನಿಲ್ಲಬಹುದು. ಆದರೆ ಡೋಲಿನ ಒಳಗೆ ಪೆಟ್ಟಿನ ತೀವ್ರತೆ 130 ಡೆಸಿಬೆಲ್ ಮೀರುವುದುಂಟು. ಅಂಥ ಅಬ್ಬರದಲ್ಲಿ ಮೈಕಿನ ಸ್ವಂತ ಗೊಣಗಾಟ ಕೇಳುವುದೇ ಇಲ್ಲ. ಎರಡನೆಯ ದೋಷ, 10,000 ಹರ್ಟ್ಸ್‌ನ ಮೇಲಿನ ಸೂಕ್ಷ್ಮ ನಾದಗಳಲ್ಲಿ ಕಾಣುವ ಒರಟುತನ. ತಾಳದ ಝೇಂಕಾರಕ್ಕೆ, ಸಕಾರ ಶಕಾರಗಳ ಉಚ್ಚಾರಕ್ಕೆ ಇದು ಮಾರಕ. ಕಿಕ್ ಡ್ರಮ್ಮಿನಲ್ಲಿ ಆ ಎತ್ತರದಲ್ಲಿ ಹೇಳಿಕೊಳ್ಳುವಂಥದ್ದೇನೂ ಇರುವುದಿಲ್ಲ. ಶೂರ್ ಬೀಟಾ 52ಎ ಕೂಡ ತನ್ನ ವ್ಯಾಪ್ತಿಯನ್ನು 20ರಿಂದ 10,000 ಹರ್ಟ್ಸ್‌ಗೇ ಸೀಮಿತಗೊಳಿಸಿಕೊಂಡಿದೆ.

ಹಾಗಾದರೆ ಹೆಚ್ಚಿನ ಹಣ ಯಾವುದಕ್ಕೆ ಸಲ್ಲುತ್ತದೆ? ಬಾಳಿಕೆಗೆ ಮತ್ತು ಭರವಸೆಗೆ. ಹೆಸರಾಂತ ಮೈಕು ವರ್ಷಗಟ್ಟಲೆ ಬಡಿಗೆಯ ಗಾಳಿಯನ್ನೂ, ಕೆಳಗೆ ಬಿದ್ದ ಪೆಟ್ಟನ್ನೂ ತಡೆದುಕೊಳ್ಳುತ್ತದೆ. ಬಿಡಿಭಾಗ ದೊರೆಯುತ್ತದೆ, ಮರುಮಾರಾಟದಲ್ಲಿ ಬೆಲೆ ಉಳಿಯುತ್ತದೆ. ಒಂದೇ ಮಾದರಿಯ ಎರಡು ಮೈಕುಗಳು ಒಂದೇ ರೀತಿ ಕೇಳುತ್ತವೆ. ಅಗ್ಗದ ಮಾದರಿಗಳಲ್ಲಿ ಒಂದು ಮೈಕಿಗೂ ಮತ್ತೊಂದಕ್ಕೂ ವ್ಯತ್ಯಾಸವಿರುವ ಸಾಧ್ಯತೆ ಹೆಚ್ಚು. ಪಕ್ಕದಿಂದ ಬರುವ ಬೇರೆ ವಾದ್ಯಗಳ ಸದ್ದನ್ನು ವಿಕಾರಗೊಳಿಸದೆ ತಡೆಯುವ ಗುಣವೂ ಬೆಲೆಯೊಡನೆ ಏರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಾಡಿಗೆಂದು ಕೊಂಡ ಅಗ್ಗದ ಕಂಡೆನ್ಸರ್ ಮೈಕನ್ನು ಡೋಲಿನೊಳಗೆ ತೂರಿಸಬಾರದು. ಅದರ ವಿದ್ಯುನ್ಮಂಡಲವು ಪೆಟ್ಟಿನ ಭಾರ ತಾಳದೆ ನಾದವನ್ನು ಒಡೆಯುತ್ತದೆ. ಡೈನಾಮಿಕ್ ಮೈಕಿನಲ್ಲಿ ಅಂಥ ಮಂಡಲವೇ ಇಲ್ಲ. ಪೊರೆಗೆ ಅಂಟಿದ ತಂತಿಯ ಸುರುಳಿಯೊಂದು ಅಯಸ್ಕಾಂತದ ನಡುವೆ ಅಲುಗಾಡುತ್ತದೆ, ಅಷ್ಟೆ. ಆದ್ದರಿಂದಲೇ ಕಿಕ್ ಮೈಕುಗಳಲ್ಲಿ ಹೆಚ್ಚಿನವು ಡೈನಾಮಿಕ್ ಜಾತಿಯವು. ಮೈಕು ತಡೆದರೂ ಧ್ವನಿ ಸಂಪರ್ಕ ಪೆಟ್ಟಿಗೆ ತಡೆಯದೆ ಹೋಗಬಹುದಾದುದರಿಂದ, ಅತ್ಯಂತ ಜೋರಾದ ಪೆಟ್ಟಿಗೂ ಮಟ್ಟಸೂಚಿ ಕೆಂಪಿಗೆ ಏರದಂತೆ ನೋಡಿಕೊಳ್ಳಬೇಕು.

ಒಂದು ಉಣ್ಣೆಯಂಗಿಯ ಕಥೆ

ಮೈಕಿನ ಬೆಲೆಗಿಂತ ಅದನ್ನಿಡುವ ಜಾಗ ಮುಖ್ಯವೆಂಬುದಕ್ಕೆ ಧ್ವನಿಮುದ್ರಣದ ಇತಿಹಾಸದಲ್ಲೇ ಪ್ರಸಿದ್ಧ ನಿದರ್ಶನವಿದೆ. 1966ರ ಏಪ್ರಿಲಿನಲ್ಲಿ ಲಂಡನ್ನಿನ ಇಎಂಐ ಧ್ವನಿಮುದ್ರಣಾಲಯದಲ್ಲಿ ಬೀಟಲ್ಸ್ ತಂಡದ ಹೊಸ ಗೀತೆಗಳ ಮುದ್ರಣ ನಡೆದಿತ್ತು. ಯಂತ್ರದ ಹಿಂದೆ ಕುಳಿತಿದ್ದ ಜೆಫ್ ಎಮೆರಿಕ್‌ಗೆ ಆಗ 20 ವರ್ಷ. ಮೈಕಿಗೆ ಹಾನಿಯಾಗಬಾರದೆಂದು, ಕಿಕ್ ಡ್ರಮ್ಮಿನಿಂದ ಅದನ್ನು ಸುಮಾರು ಎರಡು ಅಡಿ ದೂರವಿಡಬೇಕೆಂಬುದು ಅಲ್ಲಿಯ ಕಟ್ಟಳೆ. ಎಮೆರಿಕ್ ಎಕೆಜಿ ಡಿ 20 ಮೈಕನ್ನು ಡೋಲಿನಿಂದ ಕೆಲವೇ ಅಂಗುಲಗಳ ಹತ್ತಿರಕ್ಕೆ ಸರಿಸಿದರು. ಡೋಲಿನ ಒಳಗೆ ಉಣ್ಣೆಯ ಅಂಗಿಯೊಂದನ್ನು ತುರುಕಿದರು. ಕಟ್ಟಳೆ ಮುರಿದದ್ದಕ್ಕೆ ಆಕ್ಷೇಪ ಬಂದಿತು. ಕಡೆಗೆ ಬೀಟಲ್ಸರ ಮುದ್ರಣಕ್ಕೆ ಮಾತ್ರ ಲಿಖಿತ ವಿನಾಯಿತಿ ದೊರೆಯಿತು ಎಂದು ಎಮೆರಿಕ್ 2006ರ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಅಂದು ಬದಲಾದದ್ದು ಮೈಕಿನ ದೂರ ಮತ್ತು ಡೋಲಿನ ಒಡಲು. ಮುಂದೆ ಆ ಕ್ರಮವೇ ಜಗತ್ತಿನ ರೂಢಿಯಾಯಿತು.

ಅದೇ ದಿನಗಳಲ್ಲಿ, ಬೇಸ್ ಗಿಟಾರಿನ ನಾದ ಹಿಡಿಯಲು ದೊಡ್ಡ ಧ್ವನಿವರ್ಧಕವನ್ನೇ ತಿರುಗುಮುರುಗಾಗಿ ಮೈಕಿನಂತೆ ಬಳಸಿದ ಪ್ರಯೋಗವೂ ಅಲ್ಲಿ ನಡೆಯಿತು. ಸ್ಪೀಕರೂ ಡೈನಾಮಿಕ್ ಮೈಕೂ ಒಂದೇ ತತ್ತ್ವದ ಎರಡು ಮುಖಗಳು. ಆರೆಂಟು ಅಂಗುಲದ ಹಳೆಯ ಸ್ಪೀಕರಿಗೆ ಮೈಕಿನ ತಂತಿ ಬೆಸೆದು ಕಿಕ್ ಡ್ರಮ್ಮಿನ ಮುಂದೆ ನಿಲ್ಲಿಸಿದರೆ, ಅದು ತಳನಾದವನ್ನು ಮಾತ್ರ ಸೊಗಸಾಗಿ ಹಿಡಿಯುತ್ತದೆ. ‘ಟಕ್’ ಸದ್ದಿಗೆ ಇನ್ನೊಂದು ಸಾಧಾರಣ ಮೈಕನ್ನು ಜೊತೆಗಿಡಬೇಕು. ಯಮಹಾ ಸಂಸ್ಥೆ ಇದೇ ತತ್ತ್ವದ ಮೇಲೆ ಸಬ್‌ಕಿಕ್ ಎಂಬ ಉಪಕರಣವನ್ನೇ ಮಾರಿತು. ಗುಜರಿಯ ಸ್ಪೀಕರಿನಲ್ಲಿ ಅದೇ ಕೆಲಸ ಕೆಲವು ನೂರು ರೂಪಾಯಿಗೆ ಮುಗಿಯುತ್ತದೆ. ಹಾಗೆ ಮಾಡುವಾಗ ಸಂಪರ್ಕ ಪೆಟ್ಟಿಗೆಯ 48 ವೋಲ್ಟ್ ಗುಂಡಿಯನ್ನು ಆರಿಸಿಡಬೇಕು.

ಕೋಣೆಯ ಅಳತೆ, ಮಗ್ಗದ ಕಂಪನ

50 ಹರ್ಟ್ಸ್ ನಾದದ ಒಂದು ಅಲೆಯ ಉದ್ದ ಸುಮಾರು 6.9 ಮೀಟರ್. 10 ಅಡಿ ಅಗಲ, 12 ಅಡಿ ಉದ್ದದ ಸಾಮಾನ್ಯ ಕೋಣೆಯಲ್ಲಿ ಗೋಡೆಗಳ ನಡುವೆ ನಾದವು ನಿಂತು ಅನುರಣಿಸುವ ಮೊದಲ ಆವರ್ತನಗಳು ಕ್ರಮವಾಗಿ ಸುಮಾರು 56 ಮತ್ತು 47 ಹರ್ಟ್ಸ್. ಎರಡೂ ಕಿಕ್ ಡ್ರಮ್ಮಿನ ತಳನಾದದ ನೆರೆಯಲ್ಲೇ ಬರುತ್ತವೆ. ಅಂಥ ಕೋಣೆಯ ನಟ್ಟನಡುವೆ ಕುಳಿತವರಿಗೆ ಗುಂಭ ನಾದ ಕೇಳುವುದೇ ಇಲ್ಲ, ಗೋಡೆಗೆ ಒರಗಿದವರಿಗೆ ವಿಪರೀತ ಕೇಳುತ್ತದೆ. ಇದನ್ನು ಅರಿಯದೆ ಮೈಕನ್ನು ದೂಷಿಸಿ ಹೊಸದನ್ನು ಕೊಂಡರೆ, ಆ ಹಣ ಕೋಣೆಯ ದೋಷಕ್ಕೆ ಮೈಕಿನ ಹೆಸರಿನಲ್ಲಿ ಕಟ್ಟಿದ ದಂಡವಾಗುತ್ತದೆ. ಮೂಲೆಗಳಲ್ಲಿ ದಪ್ಪ ಹತ್ತಿಯ ಹಾಸಿಗೆಗಳನ್ನು ನಿಲ್ಲಿಸುವುದು ಪೂರ್ಣ ಪರಿಹಾರವಲ್ಲವಾದರೂ, ಅಲ್ಪ ವೆಚ್ಚದಲ್ಲಿ ಕೋಣೆಯನ್ನು ಕೊಂಚ ಪಳಗಿಸುತ್ತದೆ.

ಕರುಮತ್ತಂಪಟ್ಟಿಯಂಥ ಊರಿಗೆ ಇನ್ನೊಂದು ಕಷ್ಟವಿದೆ. ಲಾಳಿಯ ವಿದ್ಯುತ್ ಮಗ್ಗವು ನಿಮಿಷಕ್ಕೆ ನೂರಕ್ಕೂ ಹೆಚ್ಚು ಬಾರಿ ಬಡಿಯುತ್ತದೆ. ಆ ಬಡಿತ ಗಾಳಿಯಲ್ಲಿ ಮಾತ್ರವಲ್ಲದೆ ನೆಲದಲ್ಲೂ ಹರಿದು ಮೈಕಿನ ಕಂಬವನ್ನು ಏರುತ್ತದೆ. ಹಾಡಿನ ಲಯವೂ ಅದಕ್ಕೆ ಹತ್ತಿರವಿದ್ದರೆ, ಮುದ್ರಣದಲ್ಲಿ ಯಾರೂ ಬಾರಿಸದ ಎರಡನೆಯ ಡೋಲೊಂದು ಕೇಳಿಸುತ್ತದೆ. ಕಂಬದ ಕಾಲಡಿಗೆ ದಪ್ಪ ಫೋಮ್ ಇಡುವುದು, ಮಗ್ಗ ನಿಲ್ಲುವ ವೇಳೆಯಲ್ಲಿ ಮುದ್ರಿಸುವುದು ಇದಕ್ಕೆ ಮದ್ದು. ಮೋಟಾರುಗಳು ಓಡುವ ವಿದ್ಯುತ್ ಮಾರ್ಗದ ಗುಂಯ್‌ಕಾರವನ್ನು ದೂರವಿಡಲು ಮೂರು ಕಡ್ಡಿಯ ಸಮತೋಲಿತ ಎಕ್ಸ್‌ಎಲ್‌ಆರ್ ತಂತಿ ಮತ್ತು ಸರಿಯಾದ ಭೂಸಂಪರ್ಕ ಬೇಕು. ಇವೆಲ್ಲವುಗಳ ಒಟ್ಟು ವೆಚ್ಚ ನಡುಮೆಟ್ಟಿಲಿನ ಒಂದು ಮೈಕಿನ ಬೆಲೆಗಿಂತ ಕಡಿಮೆ.

ನ್ಯಾಯವಾದ ಹೋಲಿಕೆ

ಅಗ್ಗದ್ದು ಮೇಲೋ ದುಬಾರಿಯದು ಮೇಲೋ ಎಂಬ ತೀರ್ಪು ಕೊಡುವ ಮುನ್ನ ವಿಚಾರಣೆ ಕ್ರಮಬದ್ಧವಾಗಿರಬೇಕು. ಎರಡೂ ಮೈಕುಗಳನ್ನು ಒಂದಕ್ಕೊಂದು ತಾಗಿಸಿ, ಡೋಲಿನಿಂದ ಒಂದೇ ದೂರದಲ್ಲಿಟ್ಟು, ಒಂದೇ ಬಡಿತವನ್ನು ಎರಡರಲ್ಲೂ ಒಟ್ಟಿಗೆ ಮುದ್ರಿಸಬೇಕು. ಬೇರೆ ಬೇರೆ ಬಡಿತಗಳನ್ನು ಹೋಲಿಸಿದರೆ ಕಾಲಿನ ಬಲವನ್ನು ಹೋಲಿಸಿದಂತಾಗುತ್ತದೆ. ಅನಂತರ ಎರಡರ ಮಟ್ಟವನ್ನೂ ಸರಿಸಮ ಮಾಡಬೇಕು, ಏಕೆಂದರೆ ತುಸು ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಎಂದು ಕಿವಿ ಮೋಸ ಹೋಗುತ್ತದೆ. ಕಡೆಗೆ ಹೆಸರುಗಳನ್ನು ಮರೆಮಾಡಿ, ಯಾವುದು ಯಾವುದೆಂದು ತಿಳಿಯದವರಿಗೆ ಕೇಳಿಸಬೇಕು; ಒಮ್ಮೆ ಡೋಲು ಒಂಟಿಯಾಗಿ, ಮತ್ತೊಮ್ಮೆ ಪೂರ್ಣ ಹಾಡಿನ ನಡುವೆ.

ಈ ಪರೀಕ್ಷೆಯಲ್ಲಿ ಸ್ಥಾನದ ಮಹಿಮೆಯೂ ಬೆಳಕಿಗೆ ಬರುತ್ತದೆ. ಡೋಲಿನೊಳಗೆ ಬಡಿಗೆಯ ಹತ್ತಿರ ಮೈಕಿಟ್ಟರೆ ‘ಟಕ್’ ಹೆಚ್ಚು, ಮುಂದಿನ ಚರ್ಮದ ರಂಧ್ರದಲ್ಲಿಟ್ಟರೆ ಸಮತೋಲ, ಒಂದಡಿ ಹೊರಗಿಟ್ಟರೆ ಗುಂಭ ಹೆಚ್ಚು ಮತ್ತು ಇತರ ವಾದ್ಯಗಳ ಸೋರಿಕೆಯೂ ಹೆಚ್ಚು. ಮೈಕನ್ನು ನಾಲ್ಕಂಗುಲ ಸರಿಸಿದಾಗ ಆಗುವ ಬದಲಾವಣೆ, ಮೈಕನ್ನೇ ಬದಲಿಸಿದಾಗ ಆಗುವುದಕ್ಕಿಂತ ಅನೇಕ ವೇಳೆ ದೊಡ್ಡದು.

ಕೇಳುಗನ ಕೈಯಲ್ಲಿರುವ ಉಪಕರಣವನ್ನೂ ಮರೆಯಬಾರದು. ಇಂದು ಬಹುಮಂದಿ ಹಾಡು ಕೇಳುವುದು ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ. ಅದು 200 ಹರ್ಟ್ಸ್‌ಗಿಂತ ಕೆಳಗಿನ ನಾದವನ್ನು ಬಹುಮಟ್ಟಿಗೆ ನುಂಗಿಬಿಡುತ್ತದೆ. 50 ಹರ್ಟ್ಸ್‌ನಲ್ಲಿ ಎರಡು ಮೈಕುಗಳ ನಡುವೆ ಇದ್ದ ಸೂಕ್ಷ್ಮ ಭೇದ ಅಲ್ಲಿಗೆ ತಲುಪುವುದೇ ಇಲ್ಲ. ಅಲ್ಲಿ ಉಳಿಯುವುದು ‘ಟಕ್’ ಸದ್ದು ಮತ್ತು ಮೇಲಿನ ಉಪನಾದಗಳು ಮಾತ್ರ.

ನಮ್ಮ ಡೋಲುಗಳ ಪಾಡು

ಕಿಕ್ ಡ್ರಮ್ಮಿಗೆ ಹೇಳಿದ ಮಾತು ನಮ್ಮ ನೆಲದ ದೊಡ್ಡ ವಾದ್ಯಗಳಿಗೂ ಸಲ್ಲುತ್ತದೆ. ಕುರುಬ ಸಮುದಾಯದ ಬೀರೇಶ್ವರನ ಆರಾಧನೆಯೊಡನೆ ಬೆಸೆದ ಡೊಳ್ಳಿಗೆ ಎರಡು ಮುಖ. ಎರಡಕ್ಕೂ ಒಂದೊಂದು ಮೈಕಿಟ್ಟರೆ, ಒಂದು ಚರ್ಮ ಒಳಗೆ ತಗ್ಗುವಾಗ ಇನ್ನೊಂದು ಹೊರಗೆ ಉಬ್ಬುವುದರಿಂದ ಎರಡು ನಾದಗಳು ಪರಸ್ಪರ ಕಡಿದು ತಳನಾದ ಸೊರಗಬಹುದು. ಸಂಪರ್ಕ ಪೆಟ್ಟಿಗೆಯಲ್ಲೋ ಗಣಕದಲ್ಲೋ ಒಂದರ ಧ್ರುವತ್ವವನ್ನು ತಿರುಗಿಸಿ ನೋಡಿದರೆ, ಕಳೆದುಹೋದ ಗುಂಭ ಮರಳಿ ಬರುವುದುಂಟು. ಎಷ್ಟು ಬೆಲೆಯ ಮೈಕೂ ಈ ಕಡಿತವನ್ನು ತಾನಾಗಿ ಸರಿಪಡಿಸದು.

ಕೊಂಗುನಾಡಿನ ತುಡುಂಬು, ಉರುಮಿಗಳನ್ನು ಕೋಣೆಗೆ ತರುವುದಕ್ಕಿಂತ ಬೀದಿಯಲ್ಲೇ ಮುದ್ರಿಸುವ ಸಂದರ್ಭ ಹೆಚ್ಚು. ವಿಜಯದಶಮಿಯಂದು ಕೊಯಮತ್ತೂರಿನ ರಾಜಬೀದಿಯ ಚೌಡೇಶ್ವರಿ ಗುಡಿಯ ಮೆರವಣಿಗೆಯಲ್ಲಿ, ವಾದ್ಯದ ಲಯಕ್ಕೆ ದೇವಾಂಗ ಯುವಕರು ಕತ್ತಿಯ ಸೇವೆ ಸಲ್ಲಿಸುತ್ತ ಸಾಗುವಾಗ, ಲಕ್ಷದ ಮೈಕನ್ನು ಆ ಜನಸಂದಣಿಗೆ ಒಯ್ಯುವ ಧೈರ್ಯ ಯಾರಿಗಿದೆ? ಅಲ್ಲಿ ಬೇಕಾದದ್ದು ಗಾಳಿ ತಡೆಯುವ ಸ್ಪಂಜಿನ ಮುಸುಕು ತೊಟ್ಟ, ಬಿದ್ದರೂ ಬದುಕುವ ಸಾಧಾರಣ ಮೈಕು. ಮೊಬೈಲಿನಲ್ಲೋ ಕೈಯಂತ್ರದಲ್ಲೋ ಮುದ್ರಿಸುವುದಾದರೆ, ಮಟ್ಟವನ್ನು ತಾನಾಗಿ ಏರಿಳಿಸುವ ಸೌಲಭ್ಯವನ್ನು ಮೊದಲು ಆರಿಸಬೇಕು. ಇಲ್ಲವಾದರೆ ದೊಡ್ಡ ಪೆಟ್ಟು ಬಿದ್ದಾಗಲೆಲ್ಲ ಉಳಿದ ನಾದ ಮುಳುಗಿ ಏಳುತ್ತದೆ.

1938ರಲ್ಲಿ ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ ದಕ್ಷಿಣ ಭಾರತದ ಜನಪದ ಗಾಯನ, ವಾದನಗಳನ್ನು ಅಂದಿನ ಒರಟು ಯಂತ್ರಗಳಲ್ಲಿ ಮುದ್ರಿಸಿಕೊಂಡರು. 1984ರಲ್ಲಿ ಸಂಗೀತಶಾಸ್ತ್ರಜ್ಞ ನಜೀರ್ ಜೈರಾಜ್‌ಭಾಯ್ ತಂಡದವರು ತಮಿಳುನಾಡು, ಕೇರಳ, ಕರ್ನಾಟಕಗಳಲ್ಲಿ ಅದೇ ಜಾಡಿನಲ್ಲಿ ಮರುಪಯಣ ಮಾಡಿ, ಉಳಿದುದೆಷ್ಟು, ಬದಲಾದುದೆಷ್ಟು ಎಂದು ಅಳೆಯಲು ಆ ಹಳೆಯ ಮುದ್ರಿಕೆಗಳೇ ಆಧಾರವಾದವು. ಒಳ್ಳೆಯ ಯಂತ್ರ ಬರಲೆಂದು ಬಾಕೆ ಕಾದಿದ್ದರೆ ಅಳೆಯಲು ಏನೂ ಇರುತ್ತಿರಲಿಲ್ಲ. ಕೊಂಗುನಾಡಿನ ಕನ್ನಡದ ಮನೆಗಳಲ್ಲಿ ಹಬ್ಬದ ಹಾಡು ಬಲ್ಲ ಹಿರಿಯರ ಸಂಖ್ಯೆ ಕುಗ್ಗುತ್ತಿರುವಾಗ ಈ ಮಾತಿಗೆ ಹೆಚ್ಚಿನ ತೂಕವಿದೆ.

ಕೊಳ್ಳುವವರ ಹಕ್ಕು

ಹೆಸರಾಂತ ಮೈಕುಗಳಿಗೆ ನಕಲಿಗಳ ಕಾಟ ಬಹಳ. ಶೂರ್‌ನಂಥ ಸಂಸ್ಥೆಗಳ ಮಾದರಿಗಳು ಅದೇ ಹೆಸರು, ಅದೇ ಪೆಟ್ಟಿಗೆಯಲ್ಲಿ ನಕಲಾಗಿ ಮಾರಾಟವಾಗುತ್ತವೆ. ಪ್ರಾಮಾಣಿಕವಾದ ಅಗ್ಗದ ಮೈಕು ಕೊಳ್ಳುವುದರಲ್ಲಿ ನಷ್ಟವಿಲ್ಲ. ದುಬಾರಿ ಬೆಲೆ ತೆತ್ತು ನಕಲಿ ಕೊಳ್ಳುವುದೇ ನಿಜವಾದ ನಷ್ಟ. ಆಮದು ವಸ್ತುವಿನ ಪೊಟ್ಟಣದ ಮೇಲೆ ಆಮದುದಾರನ ಹೆಸರು ವಿಳಾಸ, ತಯಾರಾದ ದೇಶ ಮತ್ತು ಗರಿಷ್ಠ ಮಾರಾಟ ಬೆಲೆ ಇರಬೇಕೆಂದು 2011ರ ಪೊಟ್ಟಣ ಸಾಮಗ್ರಿಗಳ ನಿಯಮ ವಿಧಿಸುತ್ತದೆ. ಇವಿಲ್ಲದ ಪೊಟ್ಟಣವನ್ನು ಸಂಶಯದಿಂದಲೇ ನೋಡಬೇಕು. ಸುಳ್ಳು ವ್ಯಾಪಾರಮುದ್ರೆಯ ಸರಕು ಮಾರುವುದು 1999ರ ವ್ಯಾಪಾರಮುದ್ರೆಗಳ ಕಾಯಿದೆಯ 104ನೆಯ ಪ್ರಕರಣದಡಿ ಅಪರಾಧ. ಅದಕ್ಕೆ 6 ತಿಂಗಳಿನಿಂದ 3 ವರ್ಷದವರೆಗೆ ಸೆರೆವಾಸವುಂಟು.

ಮೋಸಹೋದವರು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ 2 ವರ್ಷದೊಳಗೆ ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲವೆಂದು ಮಾರಾಟಗಾರರು ವಾದಿಸುವುದು ವಾಡಿಕೆ. ಆದರೆ ಸ್ವಯಂ ಉದ್ಯೋಗದಿಂದ ಜೀವನೋಪಾಯ ಗಳಿಸಲು ಕೊಂಡು ತಾನೇ ಬಳಸುವವನು ಗ್ರಾಹಕನೇ ಎಂದು ಕಾಯಿದೆಯ ವಿವರಣೆ ಸ್ಪಷ್ಟಪಡಿಸುತ್ತದೆ. ಒಬ್ಬನೇ ನಡೆಸುವ ಹಿತ್ತಿಲ ಧ್ವನಿಮುದ್ರಣಾಲಯಕ್ಕೆ ಈ ವಿವರಣೆ ದೊಡ್ಡ ಆಸರೆ. ರಸೀದಿಯನ್ನೂ, ಪೆಟ್ಟಿಗೆ ಬಿಚ್ಚುವಾಗ ತೆಗೆದ ವಿಡಿಯೋದ ಮೂಲ ಕಡತವನ್ನೂ ಜೋಪಾನವಾಗಿಡಬೇಕು.

ಹಣ ಹಂಚುವ ಬಗೆ

ಒಟ್ಟಾರೆ, ಇಪ್ಪತ್ತೈದು ಸಾವಿರ ರೂಪಾಯಿ ಕೂಡಿಸಿದ ತಂಡವೊಂದು ಡೋಲಿಗೆ ಮೂರು ನಾಲ್ಕು ಸಾವಿರದ ಡೈನಾಮಿಕ್ ಮೈಕು ಕೊಂಡರೆ ಸಾಕು. ಹೆಚ್ಚಿನ ಪಾಲನ್ನು ಹಾಡುವ ದನಿಯನ್ನು ಹಿಡಿಯುವ ಮೈಕಿಗೆ ಮೀಸಲಿಡಬೇಕು, ಏಕೆಂದರೆ ಅಗ್ಗದ ಮೈಕಿನ ದೋಷಗಳು ಎದ್ದು ಕಾಣುವುದು ಅಲ್ಲಿಯೇ. ಡೋಲಿಗೆ ಹೊಸ ಚರ್ಮ, ಒಳಗೊಂದು ದಿಂಬು, ಕಂಬದ ಕೆಳಗೆ ಫೋಮ್, ಒಳ್ಳೆಯ ತಂತಿ, ಇವು ಅನಂತರದವು. ವಾರಕ್ಕೆ ನಾಲ್ಕು ದಿನ ಮುದ್ರಣ ನಡೆಸಿ ಅದರಿಂದಲೇ ಬದುಕುವವರಿಗೆ ಮಾತ್ರ ನಡುಮೆಟ್ಟಿಲಿನ ಕಿಕ್ ಮೈಕು ಬಾಳಿಕೆಯ ಲೆಕ್ಕದಲ್ಲಿ ಲಾಭದಾಯಕ.

ಮುದ್ರಿಸಿದ ಮೂಲ ಕಡತಗಳನ್ನು ಕುಗ್ಗಿಸದ ವೇವ್ ರೂಪದಲ್ಲಿ, ಊರು ದಿನಾಂಕ ಸಹಿತ ಎರಡು ಕಡೆ ಇಡಬೇಕು. ಬಾರಿಸಿದವರ ಹೆಸರನ್ನು ಅವರ ಒಪ್ಪಿಗೆಯೊಡನೆ ಜೊತೆಗೆ ಬರೆದಿಡಬೇಕು. ಕಲಾವಿದನ ಸಮ್ಮತಿಯಿಲ್ಲದೆ ಆತನ ಪ್ರದರ್ಶನವನ್ನು ಮುದ್ರಿಸಿ ಮಾರುವುದು 1957ರ ಕೃತಿಸ್ವಾಮ್ಯ ಕಾಯಿದೆಗೂ ವಿರುದ್ಧ. ಡೋಲಿನ ಮೈಕಿನಲ್ಲಿ ಉಳಿಸಿದ ಹತ್ತು ಹದಿನೈದು ಸಾವಿರದಲ್ಲಿ ಒಂದು ಪಾಲು ಬಾರಿಸಿದವರ ಕೈಸೇರಿದರೆ, ಮುಂದಿನ ವರ್ಷದ ಹಬ್ಬಕ್ಕೂ ಅವರು ಡೋಲು ಹೊತ್ತು ಬರುತ್ತಾರೆ.